ಕಾಗದದ ಎರಡನೇ ಪ್ಯಾರಾ

ಇವರ ಶ್ವಾಸಕೋಶದ ಸ್ಕ್ಯಾನಿನ ಕಾಗದ ಬಂದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಇವರು ಬಾಗಿಲ ಹತ್ತಿರವೇ ನಿಂತು ಕವರ್ ಹರಿದರು. ಓದಿದರು. ಆಮೇಲೆ ಅಡುಗೆಮನೆಗೆ ಬಂದು "ಏನೂ ಇಲ್ವಂತೆ" ಅಂದರು. ಅಷ್ಟೇ. ನಾನು ಸ್ಟವ್ ಆರಿಸಿ ಅಲ್ಲೇ ಕೂತುಬಿಟ್ಟೆ. ನಾಲ್ಕು ವಾರದಿಂದ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ ನೋಡಿ. ಆ ಸಂಜೆ ಕೇಸರಿಬಾತ್ ಮಾಡಿದೆ, ತುಪ್ಪ ಸ್ವಲ್ಪ ಜಾಸ್ತಿನೇ ಹಾಕಿ. ಆ ತುಪ್ಪದ ವಿಷಯ ಆಮೇಲೆ ಬರುತ್ತದೆ.

ಮೂರು ದಿನ ಆ ಕಾಗದ ಫ್ರಿಜ್ ಬಾಗಿಲಿಗೆ ಅಂಟಿಕೊಂಡಿತ್ತು. ಫೈಲಿಗೆ ಹಾಕೋಣ ಅಂತ ತೆಗೆದಾಗ ಪೂರ್ತಿ ಓದಿದೆ. ಮೊದಲ ಪ್ಯಾರಾದಲ್ಲಿ ಇವರು ಹೇಳಿದ್ದೇ ಇತ್ತು: ಶ್ವಾಸಕೋಶದ ಕ್ಯಾನ್ಸರಿನ ಲಕ್ಷಣ ಕಂಡಿಲ್ಲ, ಎರಡು ವರ್ಷ ಬಿಟ್ಟು ಮತ್ತೆ ಕರೆಯುತ್ತೇವೆ. ಎರಡನೇ ಪ್ಯಾರಾದಲ್ಲಿ, ಸ್ಕ್ಯಾನಿನಲ್ಲಿ ಬೇರೆ ಎರಡು ವಿಷಯ ಕಂಡಿವೆ, ಒಂದು ಎಂಫಿಸೀಮಾ ಅನ್ನೋ ಶ್ವಾಸಕೋಶದ ತೊಂದರೆ, ಮಧ್ಯಮ ಪ್ರಮಾಣದ್ದು, ಇನ್ನೊಂದು ಹೃದಯದ ರಕ್ತನಾಳದಲ್ಲಿ ಕ್ಯಾಲ್ಷಿಯಂ, ನಿಮ್ಮ ಜಿ.ಪಿ.ಗೂ (ಅಂದರೆ ನಮ್ಮ ಮಾಮೂಲಿ ಡಾಕ್ಟರಿಗೂ) ತಿಳಿಸಿದ್ದೇವೆ, ಅವರನ್ನು ಕಾಣಿ ಅಂತ ಇತ್ತು.

"ಇದನ್ನ ಓದಿದ್ರಾ?" ಅಂತ ಕೇಳಿದೆ. "ಓದಿದ್ದೆ ಕಣೇ, ಕ್ಯಾನ್ಸರ್ ಇಲ್ವಲ್ಲ" ಅಂದರು. ಓದಿರಲಿಲ್ಲ ಅಂತ ನನಗೆ ಈಗಲೂ ಗ್ಯಾರಂಟಿ. ಇರಲಿ. ಕ್ಯಾನ್ಸರ್ ಅನ್ನೋ ಪದದ ಮುಂದೆ 'ಇಲ್ಲ' ಅಂತ ಕಂಡ ಮೇಲೆ ಯಾರ ಕಣ್ಣು ಕೆಳಗೆ ಇಳಿಯುತ್ತದೆ ಹೇಳಿ.

ಸ್ವಲ್ಪ ಹಿಂದಿನಿಂದ ಹೇಳಬೇಕು. ನಾವಿರೋದು ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರ್ ಹತ್ತಿರದ ಒಂದು ಊರಲ್ಲಿ. ಇವರಿಗೆ ಈಗ 61. ದಾವಣಗೆರೆ ಹಾಸ್ಟೆಲಿನಲ್ಲಿ 1985ರಲ್ಲಿ ಶುರು ಮಾಡಿದ ಸಿಗರೇಟನ್ನ 2013ರಲ್ಲಿ ಬಿಟ್ಟರು. ಬಿಟ್ಟಿದ್ದಕ್ಕೆ ನಾನು ಕಾರಣ ಅಂತ ನಾನು ಹೇಳ್ತೀನಿ, ಮಗಳು ಕಾರಣ ಅಂತ ಇವರು ಹೇಳ್ತಾರೆ. ಇಲ್ಲಿ 55ರಿಂದ 74 ವಯಸ್ಸಿನ, ಯಾವತ್ತಾದರೂ ಸಿಗರೇಟು ಸೇದಿದವರನ್ನ ಶ್ವಾಸಕೋಶದ ತಪಾಸಣೆಗೆ ಅಂತ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನವರೇ ಕಾಗದ ಹಾಕಿ ಕರೆಯುತ್ತಾರೆ. 2019ರಲ್ಲಿ ಕೆಲವು ಊರುಗಳಲ್ಲಿ ಶುರುವಾಗಿದ್ದು, 2023ರಲ್ಲಿ ಇಡೀ ಇಂಗ್ಲೆಂಡಿಗೆ ಹಂತಹಂತವಾಗಿ ತರುತ್ತೇವೆ ಅಂತ ಸರ್ಕಾರ ಹೇಳಿತು. ಮೊದಲು ಫೋನಿನಲ್ಲಿ ಒಬ್ಬ ನರ್ಸ್ ಮಾತಾಡ್ತಾರೆ. ಎಷ್ಟು ವರ್ಷ, ದಿನಕ್ಕೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ, ಇದೆಲ್ಲ ಕೇಳಿ ಲೆಕ್ಕ ಹಾಕ್ತಾರೆ. ದಿನಕ್ಕೊಂದು ಇಪ್ಪತ್ತರ ಪ್ಯಾಕ್, ಒಂದು ವರ್ಷ ಪೂರ್ತಿ ಸೇದಿದರೆ ಅದಕ್ಕೆ ಒಂದು 'ಪ್ಯಾಕ್ ಇಯರ್' ಅಂತ ಹೆಸರು. ಇವರು ದಿನಕ್ಕೆ ಹದಿನೈದು, 28 ವರ್ಷ. ಅಲ್ಲಿಗೆ 21 ಆಯಿತು. ಫೋನಿನಲ್ಲಿ ಇವರು ಮೊದಲು "ದಿನಕ್ಕೆ ಎಂಟೋ ಹತ್ತೋ" ಅಂದರು. ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದೆ, ತಲೆ ಎತ್ತಿ ಒಮ್ಮೆ ನೋಡಿದೆ ಅಷ್ಟೇ, ಹದಿನೈದಕ್ಕೆ ಬಂದರು.

ಸ್ಕ್ಯಾನ್ ಆಗಿದ್ದು ಆಸ್ಪತ್ರೆಯಲ್ಲಲ್ಲ. ಸೂಪರ್‌ಮಾರ್ಕೆಟ್ ಕಾರ್ ಪಾರ್ಕಿನಲ್ಲಿ ನಿಂತಿದ್ದ ಒಂದು ದೊಡ್ಡ ಟ್ರಕ್ಕಿನಲ್ಲಿ! ಟ್ರಾಲಿ ನಿಲ್ಲಿಸೋ ಜಾಗದ ಪಕ್ಕದಲ್ಲೇ ನಿಂತಿತ್ತು, ನಮ್ಮ ಕಡೆ ಜಾತ್ರೆಗೆ ಬಂದ ಸರ್ಕಸ್ ಗಾಡಿ ಥರ. ಈ ಕಾರ್ ಪಾರ್ಕ್ ಐಡಿಯಾ ಮೊದಲು ಗಟ್ಟಿಯಾಗಿ ಪರೀಕ್ಷೆಗೆ ಬಂದಿದ್ದೂ ನಮ್ಮ ಮ್ಯಾಂಚೆಸ್ಟರಲ್ಲೇ, 2016ರಲ್ಲಿ. ಬಡವರು ಜಾಸ್ತಿ ಇರೋ, ಸಿಗರೇಟು ಜಾಸ್ತಿ ಇರೋ ಬಡಾವಣೆಗಳ ಶಾಪಿಂಗ್ ಸೆಂಟರ್ ಪಕ್ಕ ಗಾಡಿ ನಿಲ್ಲಿಸಿದರು. ಆಸ್ಪತ್ರೆ ಅಂದರೆ ಬರದ ಜನ ಹಾಲು ಬ್ರೆಡ್ಡು ತರೋಕೆ ಬಂದಾಗ ಬಂದು ಹೋದರು. ಸ್ಕ್ಯಾನ್ ಮಾಡಿದ 1,384 ಜನರಲ್ಲಿ ನೂರಕ್ಕೆ ಮೂರರಂತೆ ಕ್ಯಾನ್ಸರ್ ಸಿಕ್ಕಿತು, ಅದರಲ್ಲಿ ಬಹುಪಾಲು ಇನ್ನೂ ಶುರುವಿನ ಹಂತದ್ದು. ಶ್ವಾಸಕೋಶದ ಕ್ಯಾನ್ಸರ್ ಸಾಮಾನ್ಯವಾಗಿ ಕೈ ಮೀರಿದ ಮೇಲೇ ಗೊತ್ತಾಗೋದು, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಇವರು ಮೆಟ್ಟಿಲು ಹತ್ತಿ ಒಳಗೆ ಹೋದರು, ನಾನು ಕೊತ್ತಂಬರಿ ತರೋಕೆ ಹೋದೆ. ವಾಪಸ್ ಬರುವಷ್ಟರಲ್ಲಿ ಮುಗಿದಿತ್ತು. ಮಲಗಿಸಿ, ಕೈ ತಲೆ ಮೇಲೆ ಇಡಿಸಿ, ಉಸಿರು ಹಿಡಿ ಅಂತಾರಂತೆ, ಹತ್ತು ಸೆಕೆಂಡ್, ಬಿಡು ಅಂತಾರಂತೆ. ಸೂಜಿ ಇಲ್ಲ, ಏನಿಲ್ಲ. ಇದು ಲೋ ಡೋಸ್ ಸಿ.ಟಿ. ವಿಕಿರಣ ಸುಮಾರು 1.5 ಮಿಲಿಸೀವರ್ಟ್, ಮಾಮೂಲಿ ಎದೆಯ ಸಿ.ಟಿ.ಯ ಕಾಲು ಭಾಗಕ್ಕಿಂತ ಕಡಿಮೆ.

ಸರಿ, ಎರಡನೇ ಪ್ಯಾರಾಗೆ ಬರೋಣ.

ಎಂಫಿಸೀಮಾ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಸೆಟ್ ದೋಸೆಯಿಂದ, ನಗಬೇಡಿ. ನಮ್ಮ ಶ್ವಾಸಕೋಶದ ತುಂಬ ಗಾಳಿಯ ಪುಟ್ಟ ಚೀಲಗಳಿವೆ, 30 ಕೋಟಿ ಅಂದರೂ ಕಡಿಮೆಯೇ. ಅವುಗಳ ಗೋಡೆಗಳನ್ನೆಲ್ಲ ಬಿಚ್ಚಿ ಹರವಿದರೆ ಹೆಚ್ಚುಕಮ್ಮಿ ಒಂದು ಬ್ಯಾಡ್ಮಿಂಟನ್ ಕೋರ್ಟಿನಷ್ಟು ಜಾಗ. ಆ ಗೋಡೆಯಲ್ಲೇ ಗಾಳಿಯ ಆಮ್ಲಜನಕ ರಕ್ತಕ್ಕೆ ದಾಟೋದು. ಒಳ್ಳೆ ಸೆಟ್ ದೋಸೆ ನೋಡಿದ್ದೀರಲ್ಲ, ಮೈ ತುಂಬ ಸಣ್ಣ ಸಣ್ಣ ತೂತು. ಹಿಟ್ಟು ಹದ ತಪ್ಪಿದರೆ ಆ ತೂತುಗಳು ಒಂದಕ್ಕೊಂದು ಕೂಡಿಕೊಂಡು ಅಲ್ಲಲ್ಲಿ ದೊಡ್ಡ ಗುಳಿ ಬೀಳುತ್ತದೆ. ಸಿಗರೇಟಿನ ಹೊಗೆ ವರ್ಷಗಟ್ಟಲೆ ಒಳಗೆ ಉರಿ ಎಬ್ಬಿಸಿ ಆ ಗೋಡೆಗಳನ್ನ ತಿಂದುಹಾಕುತ್ತದೆ. ಚೀಲಗಳು ಕೂಡಿಕೊಂಡು ದೊಡ್ಡ ಗುಳಿಗಳಾಗುತ್ತವೆ. ಗಾಳಿ ಇರುತ್ತದೆ, ದಾಟೋಕೆ ಗೋಡೆ ಇರಲ್ಲ. ಜೊತೆಗೆ ಶ್ವಾಸಕೋಶದ ಬಿಗಿ ಹೋಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರೋದೂ ಕಷ್ಟ. ಬಿದ್ದ ಗೋಡೆ ಮತ್ತೆ ಏಳಲ್ಲ. ಸಿ.ಟಿ.ಯಲ್ಲಿ ಗಾಳಿ ಕಪ್ಪಗೆ ಕಾಣುತ್ತದೆ, ಹಾಗಾಗಿ ಈ ಗುಳಿಗಳು ಕಪ್ಪು ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತವೆ. ಮಾಮೂಲಿ ಎಕ್ಸ್‌ರೇಯಲ್ಲಿ ತುಂಬಾ ಮುಂದುವರಿಯುವ ತನಕ ಇದು ಸರಿಯಾಗಿ ಕಾಣೋದೇ ಇಲ್ಲ.

ಅಂದರೆ ಕ್ಯಾನ್ಸರ್ ಹುಡುಕೋಕೆ ಅಂತ ದೀಪ ಹಿಡಿದು ಹೋದವರಿಗೆ ಮೂಲೆಯಲ್ಲಿ ಬೇರೆ ಏನೋ ಸಿಕ್ಕಿದೆ. ಇದು ಅಪರೂಪ ಅಂದುಕೊಂಡಿದ್ದೆ, ಅಲ್ಲವೇ ಅಲ್ಲ. ಅಮೆರಿಕದಲ್ಲಿ 2002ರಿಂದ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಅರ್ಧ ಜನಕ್ಕೆ ಸಿ.ಟಿ., ಅರ್ಧ ಜನಕ್ಕೆ ಎಕ್ಸ್‌ರೇ. ಸಿ.ಟಿ. ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ಶೇಕಡಾ 20ರಷ್ಟು ಕಡಿಮೆ ಅಂತ 2011ರಲ್ಲಿ ಗೊತ್ತಾಯಿತು. ಇವತ್ತು ಹಲವು ದೇಶಗಳಲ್ಲಿ ಈ ಸ್ಕ್ರೀನಿಂಗ್, ಅಂದರೆ ಲಕ್ಷಣ ಕಾಣೋ ಮೊದಲೇ ಹುಡುಕೋ ಪರೀಕ್ಷೆ, ನಡೆಯುತ್ತಿರೋದಕ್ಕೆ ದೊಡ್ಡ ಕಾರಣವೇ ಅದು. ಆದರೆ ಅದೇ ಸಿ.ಟಿ. ಗುಂಪಿನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಿಟ್ಟು ಬೇರೆ ಏನೋ ಗಮನಿಸಬೇಕಾದದ್ದು ಕಂಡಿತ್ತು. ಅದರಲ್ಲಿ ಮೊದಲನೇ ಸ್ಥಾನ ಎಂಫಿಸೀಮಾಗೆ, ಎರಡನೇದು ಹೃದಯದ ರಕ್ತನಾಳದ ಕ್ಯಾಲ್ಷಿಯಂಗೆ. ನಮ್ಮ ಮನೆಗೆ ಎರಡೂ ಜೋಡಿಯಾಗಿ ಬಂದವು.

ಜಿ.ಪಿ.ಗೆ ಫೋನ್ ಮಾಡಿದರೆ ರಿಸೆಪ್ಷನ್ ಹುಡುಗಿ "ಅರ್ಜೆಂಟ್ ಅಂತ ಬರೆದಿಲ್ಲ" ಅಂದಳು. ಐದು ವಾರದ ಮೇಲೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಕ್ಯಾನ್ಸರ್ ಅಂದಿದ್ದರೆ ಅಷ್ಟು ಕಾಯಿಸದೆ ಓಡಿಸುತ್ತಿದ್ದರು. ಇದು ಕಾಯುವ ಕಾಯಿಲೆ ನಿಜ, ಆದರೂ ನಾನು ಕೇಳದೇ ಇದ್ದಿದ್ದರೆ ಆ ಐದು ವಾರ ಐದು ವರ್ಷ ಆಗುತ್ತಿತ್ತೇನೋ. ಯಾರೂ ಮೇಲೆ ಬಿದ್ದು ಕರೆಯಲ್ಲ. ಕಾಗದ ಕಳಿಸಿದ್ದೇವೆ ಅಂತ ಅವರು, ಕಾಗದದಲ್ಲಿ ಕ್ಯಾನ್ಸರ್ ಇಲ್ಲ ಅಂತ ನಾವು.

ಆ ಐದು ವಾರದಲ್ಲಿ ನನಗೆ ಒಂದೊಂದೇ ನೆನಪಾಗೋಕೆ ಶುರುವಾಯಿತು. ಹಿಂದಿನ ವರ್ಷ ಊರಿಗೆ ಹೋದಾಗ ಎಲ್ಲರೂ ಮುಳ್ಳಯ್ಯನಗಿರಿ ಹತ್ತಿದ್ದೆವು. ಕಾರು ನಿಲ್ಲೋ ಜಾಗದಿಂದ ಮೇಲಕ್ಕೆ ಇರೋದು ಮೆಟ್ಟಿಲು ಅಷ್ಟೇ. ಇವರು ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು ಫೋಟೋ ತೆಗೆದರು. "ಆಹಾ, ಇಲ್ಲಿಂದ ನೋಡು ವ್ಯೂ" ಅಂತ. ಆ ಫೋಟೋಗಳು ನನ್ನ ಫೋನಿನಲ್ಲೂ ಇವೆ, ತೆಗೆದು ನೋಡಿದೆ. ಹನ್ನೊಂದು ಫೋಟೋ, ಹನ್ನೊಂದರಲ್ಲೂ ಬರೀ ಮಂಜು. ಬಿಳೀ ಗೋಡೆ ಥರ. ವ್ಯೂ ಅಂತೆ! ಇಲ್ಲಿ ನಮ್ಮ ಬೀದಿಯ ಏರು ಹತ್ತುವಾಗಲೂ ಅಷ್ಟೇ, ಅರ್ಧ ದಾರಿಯಲ್ಲಿ ಶೂ ಲೇಸ್ ಬಿಚ್ಚಿಕೊಳ್ಳುತ್ತದೆ, ಇಲ್ಲಾ ಯಾರದ್ದೋ ಮನೆಯ ಗುಲಾಬಿ ನೋಡಬೇಕು ಅನಿಸುತ್ತದೆ. ಬೆಳಿಗ್ಗೆ ಕೆಮ್ಮು ಚಳಿಗೆ. ಏದುಸಿರು ಹೊಟ್ಟೆ ಬಂದಿದ್ದಕ್ಕೆ. ಎಲ್ಲಕ್ಕೂ ಒಂದೊಂದು ಕಾರಣ ರೆಡಿ ಇತ್ತು, ಇವರ ಹತ್ತಿರವೂ ಇತ್ತು, ನನ್ನ ಹತ್ತಿರವೂ ಇತ್ತು. ಮೋಸ ಮಾಡಿದ್ದಲ್ಲ ಪಾಪ. ಸ್ವಲ್ಪ ಸ್ವಲ್ಪವೇ ಕಡಿಮೆಯಾದರೆ ಮನುಷ್ಯ ತನ್ನ ನಡಿಗೆಯನ್ನೇ ನಿಧಾನ ಮಾಡಿಕೊಂಡುಬಿಡುತ್ತಾನೆ, ಗೊತ್ತೇ ಆಗಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಚೆನ್ನಾಗಿ ಮಾತಾಡಿದಳು. ಸ್ಕ್ಯಾನಿನಲ್ಲಿ ಗುಳಿ ಕಂಡಿದೆ ಅಂದ ಮಾತ್ರಕ್ಕೆ ಸಿಒಪಿಡಿ (ಗಾಳಿ ಹೋಗೋ ದಾರಿ ಕಟ್ಟಿಕೊಂಡು ಉಸಿರಾಟ ಕಷ್ಟವಾಗೋ ದೀರ್ಘಕಾಲದ ಕಾಯಿಲೆ) ಅಂತ ಹೇಳೋಕಾಗಲ್ಲ, ಗುಳಿ ಇದ್ದೂ ಊದುವ ಪರೀಕ್ಷೆ ಸರಿ ಬರೋರು ಇರ್ತಾರೆ, ಹಾಗಾಗಿ ಊದಿಸಿ ನೋಡಬೇಕು ಅಂದಳು. ಅದಕ್ಕೆ ಸ್ಪೈರೋಮೆಟ್ರಿ ಅಂತಾರೆ. ಮೊದಮೊದಲ ಮ್ಯಾಂಚೆಸ್ಟರ್ ಗಾಡಿಗಳಲ್ಲಿ ಸ್ಕ್ಯಾನಿನ ಜೊತೆಗೇ ಇದನ್ನೂ ಮಾಡಿಸುತ್ತಿದ್ದರಂತೆ. ನಮ್ಮ ಟ್ರಕ್ಕಿನಲ್ಲಿ ಮಾಡಿಸಲಿಲ್ಲ. ಮಾಡಿಸಿದ್ದರೆ ಅಲ್ಲೇ ಕೊತ್ತಂಬರಿ ತರುವಷ್ಟರಲ್ಲಿ ಗೊತ್ತಾಗ್ತಿತ್ತು ಅಂತ ನನ್ನ ಗೊಣಗಾಟ.

ಸ್ಪೈರೋಮೆಟ್ರಿ ನೋಡೋಕೆ ತಮಾಷೆ, ಮಾಡೋರಿಗೆ ಪ್ರಾಣಸಂಕಟ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಉಸಿರು ಪೂರ್ತಿ ಎಳೆದುಕೊಂಡು ಒಂದೇ ಸಲ ಜೋರಾಗಿ ಊದಬೇಕು. ನಿಲ್ಲಿಸಬಾರದು. ನರ್ಸ್ ಪಕ್ಕದಲ್ಲಿ ನಿಂತು ಊದು ಊದು ಊದು, ಇನ್ನೂ ಇನ್ನೂ ಅಂತ ಕಬಡ್ಡಿ ಕೋಚ್ ಥರ ಕೂಗ್ತಾಳೆ. ಇವರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಆಮೇಲೆ ಶ್ವಾಸನಾಳ ಬಿಚ್ಚೋ ಔಷಧಿ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದರು. ನೋಡೋದು ಇಷ್ಟು: ಒಟ್ಟು ಊದಿದ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಭಾಗ ಹೊರಗೆ ಬಂತು. ಔಷಧಿ ಕೊಟ್ಟ ಮೇಲೂ ಅದು 0.70ಕ್ಕಿಂತ ಕಡಿಮೆ ಇದ್ದರೆ ದಾರಿ ಕಟ್ಟಿಕೊಂಡಿದೆ ಅಂತ ಲೆಕ್ಕ. ಇವರದ್ದು 0.63. ಸಿಒಪಿಡಿ ಅಂತ ಕಂಪ್ಯೂಟರಿನಲ್ಲಿ ಟೈಪ್ ಆಯಿತು. ಇವರು ಸುಮ್ಮನೆ ಕಿಟಕಿ ಕಡೆ ನೋಡುತ್ತಾ ಕೂತಿದ್ದರು.

ನಮ್ಮ ಭಾಷೆಯ ಒಂದು ಪದ ಅವತ್ತಿಂದ ನನ್ನ ತಲೆ ತಿನ್ನುತ್ತಿದೆ. ದಮ್ಮು. ಸಿಗರೇಟಿನ ಒಂದು ಎಳೆತಕ್ಕೂ ದಮ್ಮು ಅಂತೀವಿ, "ಒಂದು ದಮ್ ಹೊಡ್ಕೊಂಡು ಬರ್ತೀನಿ" ಅಂತ ಇವರು ಎಷ್ಟು ಸಾವಿರ ಸಲ ಹೇಳಿಲ್ಲ! ಉಬ್ಬಸದ ಕಾಯಿಲೆಗೂ ದಮ್ಮು ಅಂತೀವಿ. ತಾಕತ್ತಿಗೂ ಅದೇ ಪದ, ದಮ್ಮಿದ್ರೆ ಬಾ ಅಂತ. ಇವರ ಹಾಸ್ಟೆಲ್ ದಿನಗಳಲ್ಲಿ ಮೊದಲನೇದಕ್ಕೂ ಮೂರನೇದಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ.

ಈಗ ಏನು ಚಿಕಿತ್ಸೆ ಅಂತ ಕೇಳಬಹುದು. ಹೋದದ್ದನ್ನ ವಾಪಸ್ ತರೋ ಔಷಧಿ ಇಲ್ಲ. ಸಿಗರೇಟು ಬಿಟ್ಟರೆ ಹಾಳಾಗೋ ವೇಗ ಕಡಿಮೆಯಾಗುತ್ತದೆ, ಅದು ಇವರು ಆಗಲೇ ಮಾಡಿದ್ದರು, ಆ ವಿಷಯದಲ್ಲಿ ಡಾಕ್ಟರ್ ಬೆನ್ನು ತಟ್ಟಿದಳು. ದಿನಕ್ಕೊಮ್ಮೆ ಎಳೆಯೋ ಇನ್ಹೇಲರ್ ಕೊಟ್ಟಿದ್ದಾರೆ. ನ್ಯುಮೋನಿಯಾ ತಡೆಯೋ ನ್ಯುಮೋಕಾಕಲ್ ಇಂಜೆಕ್ಷನ್, ಜೊತೆಗೆ ಪ್ರತಿ ವರ್ಷ ಫ್ಲೂ ಇಂಜೆಕ್ಷನ್. ಇವರಂಥ ಶ್ವಾಸಕೋಶಕ್ಕೆ ಒಂದು ಜೋರು ಸೋಂಕು ಬಂದು ಹೋದರೆ ಆಮೇಲೆ ಮೊದಲಿನಷ್ಟು ಚೇತರಿಕೆ ಬರೋದು ಕಷ್ಟ, ಅದಕ್ಕೇ ಇಷ್ಟು ಒತ್ತಾಯ. ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು, ಪಲ್ಮನರಿ ರಿಹ್ಯಾಬ್. ವಾರಕ್ಕೆ ಎರಡು ಸಲ ಒಂದು ಹಾಲಿನಲ್ಲಿ ಹತ್ತು ಹನ್ನೆರಡು ಜನ ಸೇರಿ ನಡೆಯೋದು, ಕುರ್ಚಿಯಿಂದ ಏಳೋದು ಕೂರೋದು, ಉಸಿರು ಹೇಗೆ ಬಿಡಬೇಕು ಅಂತ ಕಲಿಯೋದು. ಸೀಟಿ ಹೊಡೆಯೋ ಥರ ತುಟಿ ಮಾಡಿಕೊಂಡು ನಿಧಾನಕ್ಕೆ ಬಿಡಬೇಕು. ಶ್ವಾಸಕೋಶ ಸರಿ ಹೋಗಲ್ಲ, ಆದರೆ ಕಾಲಿನ ಸ್ನಾಯು ಗಟ್ಟಿಯಾದರೆ ಅದೇ ಗಾಳಿಯಲ್ಲಿ ಜಾಸ್ತಿ ದೂರ ನಡೆಯಬಹುದು.

ಮತ್ತೆ ತುಪ್ಪ. ಹೃದಯದ ರಕ್ತನಾಳದಲ್ಲಿ ಕ್ಯಾಲ್ಷಿಯಂ ಅಂದಾಗ ಇವರು "ಹಾಲು ಕಮ್ಮಿ ಮಾಡಬೇಕಾ" ಅಂತ ಕೇಳಿದರು. ಹಾಗಲ್ಲ. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಗೆ ಬಿಳೀ ಸುಣ್ಣ ಕಟ್ಟುತ್ತದಲ್ಲ, ಹಾಗೆ ರಕ್ತನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂತು ಗಟ್ಟಿಯಾದ ಗುರುತು ಅದು. ಸಿ.ಟಿ.ಯಲ್ಲಿ ಬಿಳಿಯಾಗಿ ಹೊಳೆಯುತ್ತದೆ. ಬಿ.ಪಿ., ಕೊಲೆಸ್ಟ್ರಾಲ್ ನೋಡಿ, ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಶುರು ಮಾಡಿದರು. ಇದನ್ನ ಉದ್ದ ಬರೆಯಲ್ಲ, ಸಿಗರೇಟು ಸೇದಿದವರನ್ನ ಕೊಲ್ಲೋದರಲ್ಲಿ ಹೃದಯ ಕ್ಯಾನ್ಸರಿಗೇನೂ ಹಿಂದೆ ಬಿದ್ದಿಲ್ಲ ಅನ್ನೋದು ಮಾತ್ರ ನೆನಪಿರಲಿ. ಕೇಸರಿಬಾತ್ ಈಗ ಯುಗಾದಿಗೆ, ದೀಪಾವಳಿಗೆ.

ರಿಹ್ಯಾಬ್ ಕ್ಲಾಸಿನಲ್ಲಿ ಇವರ ಥರ ಟ್ರಕ್ಕಿನಿಂದ ಸಿಕ್ಕಿಬಿದ್ದವರು ಇನ್ನೂ ಇಬ್ಬರಿದ್ದಾರೆ. ಒಬ್ಬರು ಪ್ಲಂಬರ್ ಆಗಿದ್ದವರು. ಅವರ ಸ್ಕ್ಯಾನಿನಲ್ಲಿ ಎಂಫಿಸೀಮಾ ಜೊತೆಗೆ ಶ್ವಾಸಕೋಶದ ಹೊದಿಕೆಯ ಮೇಲೆ ಗಟ್ಟಿ ಪದರಗಳು ಕಂಡವಂತೆ. ಯಾವತ್ತೋ ಹುಡುಗನಾಗಿದ್ದಾಗ ಹಳೇ ಪೈಪುಗಳ ಆಸ್ಬೆಸ್ಟಾಸ್ ಕಿತ್ತು ಎಸೆದ ಗುರುತು. ಆ ಪದರಗಳು ತಾವಾಗಿ ತೊಂದರೆ ಕೊಡಲ್ಲ, ಅವು ಕಾಣಿಸೋಕೇ ಇಪ್ಪತ್ತು ವರ್ಷದ ಮೇಲೆ ಬೇಕು. ಇಲ್ಲಿ ಆಸ್ಬೆಸ್ಟಾಸ್ 1999ರಲ್ಲಿ ಪೂರ್ತಿ ನಿಷೇಧ ಆಯಿತು. ಇವರು ಅದನ್ನ ಹೇಳುವಾಗ ನನಗೆ ನಮ್ಮೂರ ಕೊಟ್ಟಿಗೆ ನೆನಪಾಯಿತು. ನಾವು ಸಿಮೆಂಟ್ ಶೀಟು ಅಂತೀವಲ್ಲ, ಅದರೊಳಗೆ ಇರೋದು ಇದೇ. ನನ್ನ ತಮ್ಮ ಅದನ್ನ ಗರಗಸದಲ್ಲಿ ಕುಯ್ಯುವಾಗ ಮೂಗಿಗೆ ಟವೆಲ್ ಕೂಡ ಕಟ್ಟಿಕೊಳ್ಳುತ್ತಿರಲಿಲ್ಲ.

ಇನ್ನೊಬ್ಬ ಹೆಂಗಸಿಗೆ ಕಂಡಿದ್ದು ಬೇರೆ. ಶ್ವಾಸಕೋಶದ ಕೆಳಭಾಗದ ಅಂಚಿನಲ್ಲಿ ಮಂಜುಗಾಜಿನ ಥರದ ಮಬ್ಬು, ಸಣ್ಣ ಬಲೆಯಂಥ ಗೆರೆಗಳು. ಇದಕ್ಕೆ ಇಂಟರ್‌ಸ್ಟಿಷಿಯಲ್ ಲಂಗ್ ಅಬ್ನಾರ್ಮಾಲಿಟಿ ಅಂತ ಉದ್ದದ ಹೆಸರು. ಶ್ವಾಸಕೋಶದ ಒಂದು ವಲಯದಲ್ಲಿ ಕಡೇಪಕ್ಷ ನೂರಕ್ಕೆ ಐದರಷ್ಟು ಜಾಗದಲ್ಲಿ ಕಂಡರೆ ಮಾತ್ರ ಲೆಕ್ಕಕ್ಕೆ ತಗೊಳ್ಳಬೇಕು ಅಂತ 2020ರಲ್ಲಿ ತಜ್ಞರು ಕೂತು ಗೆರೆ ಹಾಕಿದ್ದಾರೆ. ಕೆಲವರಲ್ಲಿ ಅದು ಹಾಗೇ ಇರುತ್ತದೆ, ಕೆಲವರಲ್ಲಿ ನಿಧಾನವಾಗಿ ಬೆಳೆದು ಶ್ವಾಸಕೋಶ ನಾರುಗಟ್ಟೋ ಕಾಯಿಲೆ ಆಗುತ್ತದೆ. ಯಾರಿಗೆ ಯಾವುದು ಅಂತ ಕಾಯ್ದು ನೋಡಬೇಕು. ಆಕೆಗೆ ಏನೂ ತೊಂದರೆ ಇಲ್ಲ, ಆರಾಮಾಗಿ ನಡೀತಾಳೆ, ಆದರೆ ಅವತ್ತಿಂದ ರಾತ್ರಿ ನಿದ್ದೆ ಇಲ್ಲವಂತೆ. ಇಂಥದ್ದು ಗೊತ್ತಾಗಿದ್ದು ಒಳ್ಳೇದಾ ಕೆಟ್ಟದ್ದಾ ಅಂತ ಆಕೆ ಇವರನ್ನ ಕೇಳಿದಳಂತೆ. ಇವರು ಟೀ ತಂದುಕೊಟ್ಟು ಬಂದರಂತೆ. ನಾನಾದರೂ ಅಷ್ಟೇ ಮಾಡುತ್ತಿದ್ದೆ.

ಎಲ್ಲವನ್ನೂ ಹುಡುಕಿ ತೆಗೆಯೋದು ಒಳ್ಳೇದು ಅಂತ ನಾನು ಹೇಳ್ತಿಲ್ಲ ಮತ್ತೆ. ದಾವಣಗೆರೆಯಲ್ಲಿರೋ ನನ್ನ ಮೈದುನ ಅಣ್ಣನ ಕತೆ ಕೇಳಿ, ತಾನೂ ಒಂದು ಸ್ಕ್ಯಾನ್ ಮಾಡಿಸಿಬಿಟ್ಟ. ಯಾವುದೋ ಹೆಲ್ತ್ ಚೆಕಪ್ ಪ್ಯಾಕೇಜು, ಡಿಸ್ಕೌಂಟ್ ಇತ್ತಂತೆ. ಅವನು ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ. ರಿಪೋರ್ಟಿನಲ್ಲಿ ಬಲಗಡೆ ಮೇಲ್ಭಾಗದಲ್ಲಿ ನಾರಿನಂಥ ಗೆರೆಗಳು, ಒಂದು ಗಂಟು ಅಂತ ಬಂತು. ಅಲ್ಲಿ ಬೆಳಗಿನ ಜಾವ, ಇಲ್ಲಿ ನಡುರಾತ್ರಿ, ಫೋನಿನಲ್ಲಿ ಅಳು. "ಅತ್ಗೆ, ನನಗೂ ಬಂದುಬಿಡ್ತು" ಅಂತ. ಅವನಿಗೆ ಇಪ್ಪತ್ತನೇ ವಯಸ್ಸಿನಲ್ಲಿ ಟಿಬಿ ಆಗಿತ್ತು, ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದ, ಅವನೇ ಮರೆತಿದ್ದ. ಪ್ರಪಂಚದ ಟಿಬಿ ರೋಗಿಗಳಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಇರೋದು ಭಾರತದಲ್ಲಿ. ನಮ್ಮ ಜನರ ಎದೆ ಸ್ಕ್ಯಾನ್ ಮಾಡಿದರೆ ಹಳೇ ಟಿಬಿಯ ಕಲೆ ಸಿಗದಿದ್ದರೇ ಆಶ್ಚರ್ಯ. ಡಾಕ್ಟರ್ ಕೇಳಿದ್ದು ಒಂದೇ, ಹಳೇ ಎಕ್ಸ್‌ರೇ ಇದೆಯಾ, ಆ ಕಲೆ ಆಗಲೂ ಅಲ್ಲೇ ಇತ್ತಾ ಅಂತ ನೋಡೋಣ. ಬೀರು ಹಿಂದೆ ಹುಡುಕಿದರೆ ಸಿಕ್ಕಿತು, ಆದರೆ ಮೇಲಿನ ಅರ್ಧ ಇಲ್ಲ. 1995ರ ಅಕ್ಟೋಬರಿನ ಗ್ರಹಣ ನೋಡೋಕೆ ಅಂತ ನಮ್ಮ ಮಾವನವರು ಕತ್ತರಿಸಿ ಮಕ್ಕಳಿಗೆಲ್ಲ ಹಂಚಿದ್ದರು! ಕಣ್ಣಿಗೂ ಅದು ಒಳ್ಳೇದಲ್ಲ, ಅದು ಬೇರೆ ಮಾತು. ಕೊನೆಗೆ ಮೂರು ತಿಂಗಳು ಬಿಟ್ಟು ಇನ್ನೊಂದು ಸಿ.ಟಿ., ಗಂಟು ಇದ್ದಷ್ಟೇ ಇತ್ತು, ಸುಣ್ಣಗಟ್ಟಿದ ಹಳೇ ಕಲೆ ಅಂತ ಹೇಳಿ ಕಳಿಸಿದರು. ಮೂರು ತಿಂಗಳು ಅವನು ಊಟ ಮಾಡಿದ್ದು ಅಷ್ಟಕ್ಕಷ್ಟೇ. ಭಾರತದಲ್ಲಿ ಎಲ್ಲರಿಗೂ ಅಂತ ಸರ್ಕಾರದ ಶ್ವಾಸಕೋಶದ ಸ್ಕ್ರೀನಿಂಗ್ ಇಲ್ಲ, ಅದಕ್ಕೆ ಇದೂ ಒಂದು ಕಾರಣ. ಸಿಗರೇಟು ಬೀಡಿ ಸೇದದ, ತೊಂದರೆ ಇಲ್ಲದ ಮನುಷ್ಯ ಡಿಸ್ಕೌಂಟ್ ನೋಡಿ ಸಿ.ಟಿ. ಒಳಗೆ ಹೋಗಬಾರದು, ನನ್ನನ್ನ ಕೇಳಿದರೆ ಅಷ್ಟೇ.

ಆದರೆ ಊದುವ ಪರೀಕ್ಷೆ ಬೇರೆ. ಅದಕ್ಕೆ ವಿಕಿರಣ ಇಲ್ಲ, ಖರ್ಚೂ ಕಡಿಮೆ. ಇದನ್ನ ಯೋಚಿಸುತ್ತಿದ್ದಾಗಲೇ ನನಗೆ ಅಮ್ಮನ ನೆನಪಾಗಿದ್ದು.

ಅಮ್ಮ ತರೀಕೆರೆಯಲ್ಲಿ ತಮ್ಮನ ಜೊತೆ ಇದ್ದಾಳೆ, 79 ವರ್ಷ. ಬೀಡಿ ಸಿಗರೇಟು ಕೈಯಲ್ಲಿ ಹಿಡಿದವಳಲ್ಲ. ಆದರೆ ಹತ್ತನೇ ವಯಸ್ಸಿನಿಂದ ಒಲೆ ಮುಂದೆ ಕೂತವಳು. ಕಬ್ಬಿಣದ ಊದುಗೊಳವೆ ಒಂದಿತ್ತು ನಮ್ಮನೆಯಲ್ಲಿ, ಬಾಯಿ ಇಡೋ ಕಡೆ ಸವೆದು ನುಣ್ಣಗಾಗಿತ್ತು. ಹಸಿ ಸೌದೆ, ಮಳೆಗಾಲ, ಅಡುಗೆಮನೆ ಪೂರ್ತಿ ಹೊಗೆ, ಅಮ್ಮ ಕಣ್ಣು ಮುಚ್ಚಿಕೊಂಡು ಊದೋಳು. ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಗೆ ಸೌದೆಯೇ. ಸುಗ್ಗಿಯಲ್ಲಿ ಅಡಿಕೆ ಬೇಯಿಸೋ ಒಲೆ ವಾರಗಟ್ಟಲೆ ಉರಿಯೋದು, ಅದರ ಮುಂದೆಯೂ ಅವಳೇ. ಹದಿನೈದು ವರ್ಷದಿಂದ ಅವಳಿಗೆ ದಮ್ಮು. ವಯಸ್ಸಾಯ್ತು, ಥಂಡಿ, ಧೂಳು, ಅಂತ ಕಷಾಯ ಕುಡೀತಾ ಬಂದಿದ್ದಾಳೆ. ಸೌದೆ ಹೊಗೆಯಿಂದಲೂ ಸಿಒಪಿಡಿ ಬರುತ್ತದೆ, ನಮ್ಮ ದೇಶದ ಹೆಂಗಸರಲ್ಲಿ ಇದು ಎಷ್ಟೋ ಜನಕ್ಕೆ. ಆದರೆ ಯಾವ ದೇಶದ ನರ್ಸ್ ಫೋನ್ ಮಾಡಿ ಪ್ಯಾಕ್ ಇಯರ್ ಲೆಕ್ಕ ಹಾಕಿದರೂ ಅಮ್ಮನದ್ದು ಸೊನ್ನೆ. ಒಲೆ ಇಯರ್ ಅಂತ ಒಂದು ಲೆಕ್ಕ ಇದ್ದಿದ್ದರೆ ನಮ್ಮವರನ್ನ ಅವಳು ಯಾವತ್ತೋ ಹಿಂದೆ ಹಾಕುತ್ತಿದ್ದಳು.

ತಮ್ಮನಿಗೆ ದಿನಾ ಫೋನ್ ಮಾಡಿ ಪೀಡಿಸಿದೆ. ಕೊನೆಗೆ ಯುಗಾದಿ ಮುಗಿದ ಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎದೆ ಡಾಕ್ಟರಿಗೆ ತೋರಿಸಿದ. ಊದಿಸೋ ಹುಡುಗ ಮೂಗಿಗೆ ಕ್ಲಿಪ್ ಹಾಕೋಕೆ ಬಂದರೆ ಅಮ್ಮ ಮೂಗುತಿ ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಹೇಗೋ ಒಪ್ಪಿಸಿ, ಕೊಳವೆ ಬಾಯಿಗೆ ಕೊಟ್ಟು "ಊದಿ ಅಜ್ಜಿ, ಜೋರಾಗಿ ಊದಿ" ಅಂದನಂತೆ. ಹೇಗೆ ಊದಬೇಕು ಅಂತ ಅವಳಿಗೆ ಹೇಳಿಕೊಡಬೇಕಾ? ಮೂರು ಸಲ ಊದಿ, ಕೆಮ್ಮಿ, ಸುಧಾರಿಸಿಕೊಂಡು, "ಈಗಾದ್ರೂ ಹತ್ತಿತೇನೋ ಬೆಂಕಿ?" ಅಂತ ಆ ಹುಡುಗನನ್ನ ಕೇಳಿದಳಂತೆ.

0.58 ಬಂತು. ಇನ್ಹೇಲರ್ ಕೊಟ್ಟಿದ್ದಾರೆ, ಜೊತೆಗೆ ಎಳೆಯೋಕೆ ಸುಲಭವಾಗಲಿ ಅಂತ ಒಂದು ಪ್ಲಾಸ್ಟಿಕ್ ಸ್ಪೇಸರ್. ಮೊದಲ ವಾರ ದಿನಾ ಸಂಜೆ ವಿಡಿಯೋ ಕಾಲಿನಲ್ಲಿ ಇವರು ಈ ಕಡೆಯಿಂದ ತಮ್ಮ ಇನ್ಹೇಲರ್, ಅಮ್ಮ ಆ ಕಡೆಯಿಂದ ಅವಳದ್ದು, ಇಬ್ಬರೂ ಒಟ್ಟಿಗೆ. ಹತ್ತು ಎಣಿಸೋದು ನನ್ನ ಕೆಲಸ. ಅಳಿಯನ ಎದುರು ತಲೆ ಮೇಲೆ ಸೆರಗು ಎಳೆದುಕೊಂಡೇ ಔಷಧಿ ಎಳೀತಾಳೆ. ಬಚ್ಚಲ ಹಂಡೆಗೆ ತಮ್ಮ ಸೋಲಾರ್ ಹಾಕಿಸುತ್ತೀನಿ ಅಂದಿದ್ದಾನೆ, ಹಾಕಿಸೋದು ಯಾವಾಗಲೋ. ಊದುಗೊಳವೆ ಎಲ್ಲಿಟ್ಟಿದ್ದೀಯ ಅಂತ ಕೇಳಿದೆ ಮೊನ್ನೆ, ಒಲೆ ಹತ್ತಿರಾನೇ ಇದೆ ಅಂದಳು.